ಮೇಲಿನ ಷಡ್ಜಕ್ಕೆ ಹೋದ ಕೂಡಲೇ ದನಿ ಒಡೆಯುತ್ತದೆ, ಮೈಕ್ ಗೇನ್ ಎಷ್ಟಿಡಬೇಕು?

ಶ್ರುತಿಪೆಟ್ಟಿಗೆ:
ಅಮ್ಮ ಹಾಡುವ ದೇವರನಾಮಗಳನ್ನು ಮನೆಯಲ್ಲೇ ರೆಕಾರ್ಡ್ ಮಾಡಿ ಇಡೋಣ ಅಂತ ಹೊರಟಿದ್ದೇನೆ. ಕಂಡೆನ್ಸರ್ ಮೈಕ್, ಮೈಕನ್ನು ಲ್ಯಾಪ್‌ಟಾಪ್‌ಗೆ ಜೋಡಿಸುವ ಒಂದೇ ಚಾನೆಲ್‌ನ ಪುಟ್ಟ ಇಂಟರ್‌ಫೇಸ್ ಡಬ್ಬಿ, ಎರಡೂ ಸೇರಿ 6,000 ರೂಪಾಯಿ ಒಳಗೇ ಆಯಿತು. ಲ್ಯಾಪ್‌ಟಾಪ್ ವಿಂಡೋಸ್, ಸಾಫ್ಟ್‌ವೇರ್ ಆಡಾಸಿಟಿ. ಪಲ್ಲವಿ ಚೆನ್ನಾಗೇ ಬರುತ್ತದೆ. ಚರಣದಲ್ಲಿ ಮೇಲಿನ ಷಡ್ಜ ಮುಟ್ಟಿದರೆ ಸಾಕು, ಕರಕರ. ಆಡಾಸಿಟಿಯ ರೆಕಾರ್ಡಿಂಗ್ ಸ್ಲೈಡರ್ ಅರ್ಧಕ್ಕೆ ಇಳಿಸಿದೆ, ಈಗ ಮೀಟರ್ ಕೆಂಪಾಗುವುದಿಲ್ಲ, ಆದರೆ ಕರಕರ ಹಾಗೇ ಇದೆ! ಡಬ್ಬಿಯ ಗೇನ್, ಅಂದರೆ ಮೈಕ್‌ನ ದನಿಯನ್ನು ಎಷ್ಟು ಹಿಗ್ಗಿಸಬೇಕು ಅನ್ನುವ ನಾಬ್, ಇಳಿಸಿದರೆ ಪಲ್ಲವಿ ಪಿಸುಮಾತು, ಅದನ್ನು ಆಮೇಲೆ ಜೋರು ಮಾಡಿದರೆ ಹಿಂದೆ ಸೊಂಯ್ ಅಂತ ಗದ್ದಲ. ಅಮ್ಮನಿಗೆ 68 ವರ್ಷ. ಒಂದೇ ಹಾಡನ್ನು ಹತ್ತು ಸಲ ಹಾಡು ಅನ್ನಲು ಮನಸ್ಸಾಗುವುದಿಲ್ಲ.

ಹಳೇರೇಡಿಯೋ:
ಒಡೆದ ಜಾಗವನ್ನು ಜೂಮ್ ಮಾಡಿ ನೋಡಿ. ಅಲೆಗಳ ತಲೆ ಗುಂಡಗಿದೆಯೋ, ಕುಡುಗೋಲಿನಲ್ಲಿ ಸವರಿದ ಹಾಗೆ ಚಪ್ಪಟೆ ಇದೆಯೋ?

ಶ್ರುತಿಪೆಟ್ಟಿಗೆ:
ಚಪ್ಪಟೆ. ಆದರೆ ಮೇಲಿನ ಗೆರೆಗೆ ತಾಗೇ ಇಲ್ಲ, ಅರ್ಧದಲ್ಲೇ ಸವರಿ ಹೋಗಿದೆ. ಅದೇ ಅರ್ಥ ಆಗುತ್ತಿಲ್ಲ.

ಹಳೇರೇಡಿಯೋ:
ಹಾಗಾದರೆ ದನಿ ಒಡೆಯುತ್ತಿರುವುದು ಡಬ್ಬಿಯೊಳಗೆ, ಲ್ಯಾಪ್‌ಟಾಪ್‌ಗೆ ಬರುವ ಮೊದಲೇ. ನಿಮ್ಮ ಸ್ಲೈಡರ್ ಒಡೆದ ದನಿಯನ್ನೇ ಚಿಕ್ಕದು ಮಾಡಿ ತೋರಿಸುತ್ತಿದೆ ಅಷ್ಟೇ. ಮಜ್ಜಿಗೆಗೆ ಉಪ್ಪು ಜಾಸ್ತಿ ಬಿದ್ದ ಮೇಲೆ ಸಣ್ಣ ಲೋಟಕ್ಕೆ ಸುರಿದರೆ ಉಪ್ಪು ಕಮ್ಮಿ ಆಗುತ್ತದಾ? ಸ್ಲೈಡರ್ ಪೂರ್ತಿ ಮೇಲಿಟ್ಟು ಮರೆತುಬಿಡಿ. ಇನ್ನು ಮೇಲೆ ಮುಟ್ಟುವುದು ಡಬ್ಬಿಯ ನಾಬ್ ಒಂದನ್ನೇ. ಹೆಡ್‌ಫೋನ್ ನಾಬ್ ಬೇರೆ, ಅದು ನಿಮ್ಮ ಕಿವಿಗೆ ಮಾತ್ರ, ರೆಕಾರ್ಡಿಂಗ್‌ಗೆ ಸಂಬಂಧವೇ ಇಲ್ಲ. ಅದನ್ನು ತಿರುಗಿಸಿ ತಿರುಗಿಸಿ ಒಂದು ವಾರ ಕಳೆದವನು ನಾನು.

ಗೇನ್ ಇಡುವಾಗ ಎಲ್ಲರೂ ಮಾಡುವ ತಪ್ಪು ಏನೆಂದರೆ ಹಲೋ ಹಲೋ ಮೈಕ್ ಟೆಸ್ಟಿಂಗ್ ಅನ್ನುವುದು. ಅದರಲ್ಲಿ ಏನೂ ಗೊತ್ತಾಗುವುದಿಲ್ಲ. ಅಮ್ಮನಿಗೆ ಆ ಮೇಲಿನ ಷಡ್ಜದ ಸಾಲನ್ನೇ ಒಂದು ಸಲ ಪೂರ್ತಿ ಗಂಟಲಿನಲ್ಲಿ ಹಾಡಲು ಹೇಳಿ, ಮೀಟರ್ -12 ಡಿಬಿ ಸುತ್ತ ನಿಲ್ಲುವ ಹಾಗೆ ನಾಬ್ ಇಡಿ (ಮೀಟರ್‌ನ ತುದಿ 0, ಅದನ್ನು ದಾಟಿದರೆ ಒಡೆಯುತ್ತದೆ). ನಿಜವಾಗಿ ಹಾಡುವಾಗ ಹುರುಪಿಗೆ ಇನ್ನೂ ನಾಲ್ಕೈದು ಡಿಬಿ ಏರುತ್ತದೆ, ಆ ಜಾಗ ಬೇಕು. ಪಲ್ಲವಿ -25ರಲ್ಲಿ ಬಂದರೂ ಹೆದರಬೇಡಿ. 24 ಬಿಟ್ ರೆಕಾರ್ಡಿಂಗ್‌ನಲ್ಲಿ ಅತಿ ಸಣ್ಣ ದನಿಯಿಂದ ಅತಿ ಜೋರಿನವರೆಗೆ ಲೆಕ್ಕಕ್ಕೆ 144 ಡಿಬಿ ಹರವು ಇದೆ, 16 ಬಿಟ್‌ನಲ್ಲೂ 96. ಸಣ್ಣಗೆ ಬಂದದ್ದನ್ನು ಆಮೇಲೆ ಏರಿಸಬಹುದು, ಒಡೆದದ್ದನ್ನು ಮೊದಲಿನಂತೆ ಕೂಡಿಸಲು ಆಗಲ್ಲ. ಡಬ್ಬಿ 24 ಬಿಟ್‌ನದಾದರೆ ಆಡಾಸಿಟಿಯಲ್ಲಿ ಹೋಸ್ಟ್, ಅಂದರೆ ವಿಂಡೋಸ್‌ನಿಂದ ದನಿ ಬರುವ ದಾರಿ, ಎಂಎಂಇ (MME) ಇದ್ದದ್ದನ್ನು ವಾಸಾಪಿಗೆ (WASAPI) ಬದಲಿಸಿ. ಎಂಎಂಇ 16 ಬಿಟ್‌ಗೇ ನಿಲ್ಲುತ್ತದೆ.

ಸುಮ್ನೆಬಂದೆ:
ಇಷ್ಟೆಲ್ಲ ಯಾಕೆ ಸ್ವಾಮಿ, ಆಟೋ ಲೆವೆಲ್ ಆನ್ ಮಾಡಿ. ಆಫೀಸ್ ಮೀಟಿಂಗ್‌ಗೆ ನಾನು ಅದನ್ನೇ ಇಟ್ಟಿದ್ದೇನೆ, ಯಾರೂ ಬೈದಿಲ್ಲ.

ಕಛೇರಿಹುಚ್ಚು:
ಮೀಟಿಂಗ್‌ಗೆ ಸರಿ. ಹಾಡಿಗೆ ಮಾತ್ರ ಬೇಡ. ಸಾಲು ಮುಗಿಸಿ ಉಸಿರು ತೆಗೆದುಕೊಳ್ಳುವ ಹೊತ್ತಿಗೆ ಆಟೋ ಲೆವೆಲ್‌ಗೆ ದನಿ ಸಿಗುವುದಿಲ್ಲ, ಅದು ಗೇನ್ ಏರಿಸುತ್ತದೆ, ಆಗ ಫ್ಯಾನ್ ಸದ್ದು ಅಲೆಯ ಹಾಗೆ ಎದ್ದು ಬರುತ್ತದೆ. ಅಮ್ಮ ಮತ್ತೆ ಶುರು ಮಾಡಿದರೆ ಫಕ್ಕನೆ ತಗ್ಗುತ್ತದೆ. ಪಲ್ಲವಿಯೂ ಚರಣವೂ ಒಂದೇ ಎತ್ತರ ಆದರೆ ಹಾಡಿನ ಏರಿಳಿತ ಎಲ್ಲಿ ಉಳಿಯಿತು?

ಹಳೇರೇಡಿಯೋ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಎಲ್ಲರೂ ನಾಬ್ ನೋಡುತ್ತಾರೆ, ದೂರ ನೋಡುವುದಿಲ್ಲ. ಬಾಯಿಂದ ಮೈಕ್ ದೂರ ಎರಡು ಪಟ್ಟಾದರೆ ನೇರ ದನಿ ಸುಮಾರು 6 ಡಿಬಿ ಇಳಿಯುತ್ತದೆ. ನಾಲ್ಕು ಬೆರಳಿನಷ್ಟು ಹತ್ತಿರ ಕೂತಿದ್ದರೆ ಒಂದು ಗೇಣಿಗೆ ಹೋಗಿ. ಹತ್ತಿರ ಇದ್ದಾಗ ತಲೆ ಎರಡು ಇಂಚು ಅಲ್ಲಾಡಿದರೂ ಲೆವೆಲ್ ಕುಣಿಯುತ್ತದೆ, ಗೇಣು ದೂರದಲ್ಲಿ ಅಷ್ಟು ಕುಣಿಯುವುದಿಲ್ಲ. ಮೈಕ್ ಬಾಯಿಗೆ ನೇರ ಬೇಡ, ಸ್ವಲ್ಪ ಓರೆಯಾಗಿ ಇಡಿ, ಇಲ್ಲದಿದ್ದರೆ ಫ, ಭ ಬಂದ ಕಡೆಯೆಲ್ಲ ಧಪ್ ಅನ್ನುತ್ತದೆ. ಮೇಲಿನ ಷಡ್ಜಕ್ಕೆ ಮುಖ ಒಂದಿಷ್ಟು ಹಿಂದೆ ತೆಗೆಯುವುದು ವೇದಿಕೆ ಮೇಲೆ ಹಾಡುವವರಿಗೆ ಅಭ್ಯಾಸ, ಮನೆಯಲ್ಲಿ ಹಾಡುವವರಿಗೆ ಹೇಳಿಕೊಡಬೇಕು. ಆದರೆ ಗೇಣಿಗಿಂತ ತುಂಬಾ ದೂರ ಹೋದರೆ ಗೋಡೆಗಳೂ ಹಾಡುತ್ತವೆ. ಹಿಂದೆ ಒಂದು ದಪ್ಪ ರಜಾಯಿ ತೂಗುಹಾಕಿ.

ಸೊಂಯ್ ಅನ್ನುವುದಕ್ಕೆ ಗೇನ್ ಮೇಲೆ ತಪ್ಪು ಹೊರಿಸಬೇಡಿ. ಅದು ಮುಕ್ಕಾಲು ಪಾಲು ಫ್ಯಾನ್ ಇರುತ್ತದೆ. ಲ್ಯಾಪ್‌ಟಾಪ್ ಚಾರ್ಜರ್‌ನಿಂದಲೂ ಗದ್ದಲ ಬರಬಹುದು, ಅದನ್ನು ಕಿತ್ತು ಬ್ಯಾಟರಿಯಲ್ಲಿ ಒಮ್ಮೆ ರೆಕಾರ್ಡ್ ಮಾಡಿ ನೋಡಿ. ತಂಬೂರ ಫೋನ್‌ನಲ್ಲಿ ಹಾಕುತ್ತೀರಾ? ಸ್ಪೀಕರ್ ಬೇಡ, ಅಮ್ಮನ ಒಂದು ಕಿವಿಗೆ ಇಯರ್‌ಫೋನ್ ಕೊಡಿ.

ಶ್ರುತಿಪೆಟ್ಟಿಗೆ:
ಭಾನುವಾರ ಬೆಳಿಗ್ಗೆ ಐದೂವರೆಗೆ ಎದ್ದು ಮಾಡಿದೆವು. ಎರಡು ಗಂಟೆ ಕಡೆ ಮುಖ ಮಾಡಿದ್ದ ನಾಬ್ ಈಗ ಹನ್ನೊಂದರ ಕಡೆಗಿದೆ. ಷಡ್ಜ -9ಕ್ಕೆ ನಿಂತಿತು, ಎಲ್ಲೂ ಚಪ್ಪಟೆ ಇಲ್ಲ. ಪಲ್ಲವಿಯನ್ನು ಆಮೇಲೆ 6 ಡಿಬಿ ಏರಿಸಿದೆ, ಗದ್ದಲ ಇದೆ ಆದರೆ ಹುಡುಕಿದರೆ ಮಾತ್ರ ಕೇಳಿಸುತ್ತದೆ. ಕಟಕಟ ಗುಂಯ್ ಅಂತ ಇದ್ದದ್ದು ಚಾರ್ಜರ್‌ದೇ, ಕಿತ್ತ ಕೂಡಲೇ ಹೋಯಿತು. ಫ್ಯಾನ್ ಆಫ್ ಮಾಡಿದ್ದಕ್ಕೆ ಅಮ್ಮ ಸೆರಗಿನಲ್ಲಿ ಬೆವರು ಒರೆಸಿಕೊಂಡರು, ಆ ಸರಸರ ಕೂಡ ಮೈಕ್‌ನಲ್ಲಿ ಬಂದಿದೆ. ಇಯರ್‌ಫೋನ್ ಹಾಕಿಕೊಳ್ಳಲು ಮಾತ್ರ ಹತ್ತು ನಿಮಿಷ ಜಗಳ.

ಈಗ ಒಂದೇ ತೊಂದರೆ. ಮೂರನೇ ಚರಣದಲ್ಲಿ ಪಕ್ಕದ ಮನೆ ಕುಕ್ಕರ್ ಕೂಗಿದೆ.

ಹಳೇರೇಡಿಯೋ:
ಆ ಸಾಲನ್ನಷ್ಟೇ ಇನ್ನೊಮ್ಮೆ ಹಾಡಿಸಿ ಅಂಟಿಸಿ. ಅದೇ ದೂರ, ಅದೇ ಗೇನ್ ಇದ್ದರೆ ಗೊತ್ತೇ ಆಗಲ್ಲ. ನಾಬ್ ಎಲ್ಲಿತ್ತು ಅಂತ ಪೆನ್ಸಿಲ್ ಗುರುತು ಹಾಕಿಟ್ಟಿದ್ದೀರಿ ಅಲ್ವಾ?

ಶ್ರುತಿಪೆಟ್ಟಿಗೆ:
ಇಲ್ಲ. ಮಗಳು ಆಗಲೇ ತಿರುಗಿಸಿ ಆಟ ಆಡಿದ್ದಾಳೆ.