ಪದಚರ್ಚೆ: ಜೈಲಿನಲ್ಲಿ ನಾಯಿಮರಿ ಸಾಕಿ ಬೇರೆಯವರ ಕೈಗೆ ಕೊಡುವವರನ್ನು ಏನೆನ್ನೋಣ?

ಗೆಳೆಯರೇ,

ನಾನಿರುವುದು ನ್ಯೂಜೆರ್ಸಿಯಲ್ಲಿ. ಇಲ್ಲಿನ ನಮ್ಮ ಕನ್ನಡ ಕೂಟದ ಪತ್ರಿಕೆಗೆ ಒಂದು ಲೇಖನ ಬರೆಯುತ್ತಿದ್ದೇನೆ. ಜೈಲಿನಲ್ಲಿರುವ ಕೈದಿಗಳು ನಾಯಿಮರಿ ಸಾಕಿ, ಕೆಲಸ ಕಲಿಸಿ, ಪೆಟ್ಟು ತಿಂದ ಪೊಲೀಸರಿಗೆ, ಬೆಂಕಿ ಆರಿಸುವವರಿಗೆ, ಆಂಬುಲೆನ್ಸ್‌ನವರಿಗೆ ಕೊಡುವ ವಿಷಯ. ಲೇಖನ ಮುಕ್ಕಾಲು ಮುಗಿದಿದೆ. ಮೂರು ಪದಗಳ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ. ಎರಡಕ್ಕೆ ಹೇಗೋ ದಾರಿ ಕಂಡಿದೆ. ಮೂರನೆಯದಕ್ಕೆ ನಿಮ್ಮ ನೆರವು ಬೇಕೇ ಬೇಕು.

ಹಿನ್ನೆಲೆ ಸ್ವಲ್ಪ ಹೇಳುತ್ತೇನೆ. ಅಮೆರಿಕದ ಜೈಲುಗಳಲ್ಲಿ ಇದು ಹಳೆಯ ಕೆಲಸ. ವಾಷಿಂಗ್ಟನ್ ರಾಜ್ಯದ ಹೆಂಗಸರ ಜೈಲೊಂದರಲ್ಲಿ 1981ರಲ್ಲೇ ಶುರುವಾಗಿತ್ತು. ನ್ಯೂಯಾರ್ಕ್ ರಾಜ್ಯದಲ್ಲಿ ಗ್ಲೋರಿಯಾ ಗಿಲ್ಬರ್ಟ್ ಸ್ಟೋಗಾ ಎಂಬವರು 1997ರಲ್ಲಿ ‘ಪಪ್ಪೀಸ್ ಬಿಹೈಂಡ್ ಬಾರ್ಸ್’ ಎಂಬ ಸಂಸ್ಥೆ ಕಟ್ಟಿದರು. ಬೆಡ್‌ಫರ್ಡ್ ಹಿಲ್ಸ್ ಎಂಬಲ್ಲಿನ ಹೆಂಗಸರ ಜೈಲಿನಲ್ಲಿ ಮೊದಲ ಮರಿಗಳು ಬೆಳೆದವು. ಆಗ ಅವು ಕಣ್ಣು ಕಾಣದವರಿಗೆ ದಾರಿ ತೋರುವ ನಾಯಿಗಳಾಗಬೇಕಿತ್ತು. 2001ರ ಸೆಪ್ಟೆಂಬರ್ ದಾಳಿಯ ನಂತರ ಬಾಂಬ್ ಹುಡುಕುವ ನಾಯಿಗಳೂ ಬಂದವು. ಆಮೇಲೆ ಯುದ್ಧದಿಂದ ಮರಳಿದ ಸೈನಿಕರಿಗೆ, ಈಗ ಪೊಲೀಸರಿಗೆ, ಅಗ್ನಿಶಾಮಕರಿಗೆ. ಸುಮಾರು ಎಂಟು ವಾರದ ಮರಿ ಜೈಲಿಗೆ ಬರುತ್ತದೆ. ಹತ್ತಿರ ಹತ್ತಿರ ಎರಡು ವರ್ಷ ಅಲ್ಲೇ, ಕೈದಿಯ ಜೊತೆಗೇ ಇರುತ್ತದೆ.

ಮೊದಲ ಪದ ‘ಸರ್ವಿಸ್ ಡಾಗ್’. ‘ಸೇವಾ ಶ್ವಾನ’ ಅಂತ ಬರೆದು ನೋಡಿದೆ. ಗಟ್ಟಿಯಾಗಿ ಓದಿದಾಗ ದೇವಸ್ಥಾನದ ಸೇವಾ ಪಟ್ಟಿ ನೆನಪಿಗೆ ಬಂತು. ಜೊತೆಗೆ ‘ತುರ್ತು ಸೇವಾ ಸಿಬ್ಬಂದಿ’ ಬಂದರೆ ಒಂದೇ ಸಾಲಿನಲ್ಲಿ ಎರಡು ಸೇವೆ. ‘ಶ್ವಾನ’ವೂ ಬೇಡ, ‘ನಾಯಿ’ ಅನ್ನುವುದಕ್ಕೆ ನಾವು ಯಾಕೆ ಹಿಂಜರಿಯಬೇಕು? ‘ಊಳಿಗದ ನಾಯಿ’ ಅಂದರೆ ಜೀತದ ವಾಸನೆ. ಕೊನೆಗೆ ‘ನೆರವಿನ ನಾಯಿ’ ಅಂತ ಇಟ್ಟುಕೊಂಡೆ. ಇದಕ್ಕೆ ಕಾರಣವೂ ಇದೆ. ಇಲ್ಲಿನ ಕಾನೂನಿನ ಪ್ರಕಾರ ಸರ್ವಿಸ್ ಡಾಗ್ ಅಂದರೆ ಅಂಗವಿಕಲರಿಗಾಗಿ ಒಂದು ಗೊತ್ತಾದ ಕೆಲಸ ಮಾಡಲು ಕಲಿತ ನಾಯಿ. ಸುಮ್ನೆ ಪಕ್ಕದಲ್ಲಿದ್ದು ಮನಸ್ಸಿಗೆ ಸಮಾಧಾನ ಕೊಡುವ ನಾಯಿ ಆ ಲೆಕ್ಕಕ್ಕೆ ಬರುವುದಿಲ್ಲ. ಆ ಎರಡನೆಯದಕ್ಕೆ ‘ಆಸರೆ ನಾಯಿ’ ಸರಿ ಅನ್ನಿಸುತ್ತದೆ. ನೆರವಿನಲ್ಲಿ ಕೈಯಾರೆ ಮಾಡುವ ಕೆಲಸ ಇದೆ. ಆಸರೆಗೆ ಜೊತೆಯಲ್ಲಿದ್ದರೆ ಸಾಕು. ಕನ್ನಡದಲ್ಲಿ ಈ ವ್ಯತ್ಯಾಸ ಇಷ್ಟು ಸಲೀಸಾಗಿ ಸಿಕ್ಕಿತಲ್ಲ ಅಂತ ಖುಷಿಯಾಯಿತು.

ಎರಡನೆಯದು ‘ಫಸ್ಟ್ ರೆಸ್ಪಾಂಡರ್’, ಅಂದರೆ ಮೇಲೆ ಹೇಳಿದ ಪೊಲೀಸರು, ಬೆಂಕಿ ಆರಿಸುವವರು, ಆಂಬುಲೆನ್ಸ್‌ನವರು. ‘ಪ್ರಥಮ ಸ್ಪಂದಕ’ ಅಂತ ಕೆಲವರು ಬರೆಯುತ್ತಾರೆ. ನನಗೆ ಅದು ಬಾಯಿಗೆ ಹತ್ತುವುದಿಲ್ಲ. ನಮ್ಮಲ್ಲಿ ‘ಓಗೊಡು’ ಅಂತ ಒಂದು ಮಾತಿದೆ ಅಲ್ವಾ? ಯಾರೋ ಕೂಗಿದರೆ ‘ಓ’ ಅನ್ನುವುದು. ಕರೆ ಬಂದ ತಕ್ಷಣ ಎದ್ದು ಓಡುವವರಿಗೆ ಇದಕ್ಕಿಂತ ಹತ್ತಿರದ ಮಾತು ನನಗೆ ಸಿಗಲಿಲ್ಲ. ಲೇಖನದಲ್ಲಿ ‘ಮೊದಲು ಓಗೊಡುವವರು’ ಅಂತ ಬರೆದಿದ್ದೇನೆ. ಸ್ವಲ್ಪ ಉದ್ದವಾಯಿತು, ಆದರೂ ಓದಿದ ಕೂಡಲೇ ತಿಳಿಯುತ್ತದೆ. ‘ಓಗೊಡುಗ’ ಅಂತ ಚಿಕ್ಕದು ಮಾಡಬಹುದಾ? ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ, ಹೇಳಿ.

ಅವರ ಗಾಯದ ಬಗ್ಗೆಯೂ ಒಂದು ಮಾತು. ‘ಗಾಯಾಳು’ ಅಂದರೆ ಪಟ್ಟಿ ಕಟ್ಟಿದ ಕೈಕಾಲು ಮಾತ್ರ ಕಣ್ಣಿಗೆ ಬರುತ್ತದೆ. ಇವರಲ್ಲಿ ಎಷ್ಟೋ ಜನರಿಗೆ ಪೆಟ್ಟು ಬಿದ್ದಿರುವುದು ಮನಸ್ಸಿಗೆ. ‘ಘಾಸಿಗೊಂಡವರು’ ಅಂದರೆ ಮೈಗೂ ಸರಿ, ಮನಸ್ಸಿಗೂ ಸರಿ. ಹಾಗೇ ಇಟ್ಟಿದ್ದೇನೆ.

ಈಗ ಮೂರನೆಯದು, ‘ಪಪ್ಪಿ ರೇಸರ್’ (puppy raiser). ಓಟದ ರೇಸರ್ ಅಲ್ಲ, ಮರಿಯನ್ನು ಸಾಕಿ ಬೆಳೆಸುವವರು.

ನಮ್ಮ ಬೀದಿಯಲ್ಲಿ ನಿವೃತ್ತ ಅಗ್ನಿಶಾಮಕರೊಬ್ಬರಿದ್ದಾರೆ. ಅವರಲ್ಲಿ ಇಂಥ ಒಂದು ಕಪ್ಪು ಲ್ಯಾಬ್ರಡಾರ್ ಇದೆ. ಒಂದು ದಿನ ಅಂಚೆ ಕಚೇರಿಯ ಸಾಲಿನಲ್ಲಿ ಅವರ ಹಿಂದೆ ನಿಂತಿದ್ದೆ. ನಾಯಿ ಅವರಿಗೆ ಬೆನ್ನು ಕೊಟ್ಟು, ನನ್ನ ಕಡೆ ಮುಖ ಮಾಡಿ ಅಡ್ಡ ನಿಂತಿತ್ತು. ಬೊಗಳಲಿಲ್ಲ, ಬಾಲವನ್ನೂ ಆಡಿಸಲಿಲ್ಲ. ಹಿಂದಿನಿಂದ ಯಾರೂ ಮೈಗೆ ಒತ್ತಿ ಬರದ ಹಾಗೆ ಜಾಗ ಕಾಯುತ್ತಿತ್ತು. ಸ್ವಲ್ಪ ಹೊತ್ತಿಗೆ ಅವರ ಎಡಗೈ ನಡುಗತೊಡಗಿತು. ಕರೆಯದಿದ್ದರೂ ನಾಯಿ ತಿರುಗಿ ತನ್ನ ಮೂತಿಯನ್ನು ಆ ಅಂಗೈ ಕೆಳಗೆ ತೂರಿಸಿತು. ಕೈ ನಿಂತಿತು. ರಾತ್ರಿ ಕೆಟ್ಟ ಕನಸು ಬಿದ್ದರೆ ಎಬ್ಬಿಸುವುದು, ದೀಪ ಹಾಕುವುದು ಕೂಡ ಅದಕ್ಕೆ ಗೊತ್ತಂತೆ.

ಆಮೇಲೆ ಮಾತಾಡುತ್ತಾ ನಾನು ‘ಇದಕ್ಕೆ ಟ್ರೇನಿಂಗ್ ಕೊಟ್ಟ ಟ್ರೇನರ್ ಯಾರು’ ಅಂತ ಕೇಳಿದೆ. ಅವರು ತಕ್ಷಣ ನನ್ನ ಮಾತು ತಿದ್ದಿದರು. ಟ್ರೇನರ್ ಅಲ್ಲ, ರೇಸರ್. ನಾಯಿ ತರಲು ಅವರು ಜೈಲಿಗೇ ಹೋಗಿದ್ದರು. ಅದನ್ನು ಸಾಕಿದ ಹೆಂಗಸಿನಿಂದಲೇ ಅದರ ಮಾತುಕತೆಯೆಲ್ಲ ಕಲಿತರು. ಆ ಎರಡು ವರ್ಷ ಅವಳು ರಾತ್ರಿ ಎದ್ದು ಮರಿಯನ್ನು ಹೊರಗೆ ಕರೆದೊಯ್ದಿದ್ದಾಳೆ. ಮರಿಯ ಗೂಡು ಅವಳ ಮಂಚದ ಪಕ್ಕದಲ್ಲೇ ಇತ್ತು. (ಇಲ್ಲಿ ‘ಕ್ರೇಟ್’ ಅನ್ನುವುದಕ್ಕೆ ‘ಬೋನು’ ಅಂತ ಬರೆದು ಕೂಡಲೇ ಹೊಡೆದು ಹಾಕಿದೆ. ಜೈಲಿನ ಕೋಣೆಯೊಳಗೆ ಇನ್ನೊಂದು ಬೋನು ಬೇಡ. ಗೂಡು ಅಂದರೆ ಬೆಚ್ಚಗಿರುತ್ತದೆ.)

ಹಾಗಾಗಿ ‘ತರಬೇತುದಾರ’ ಆಗಲ್ಲ. ‘ಸಾಕಾಣಿಕೆದಾರ’ ಅಂದರೆ ಕುರಿ, ಕೋಳಿ ಸಾಕಿ ಮಾರುವವರು. ‘ಪೋಷಕರು’ ಅಂದರೆ ಶಾಲೆಯ ಸಭೆಗೆ ಬರುವ ಅಪ್ಪ ಅಮ್ಮ. ‘ಸಲಹುವವರು’ ಚೆನ್ನಾಗಿದೆ, ಆದರೆ ಅದನ್ನು ನಾಮಪದ ಮಾಡಲು ಹೋದರೆ ‘ಸಲಹೆಗಾರ’ನ ಪಕ್ಕಕ್ಕೇ ಹೋಗಿ ಬೀಳುತ್ತದೆ. ಆನೆಗಾದರೆ ಮಾವುತ, ಕಾವಾಡಿ ಅಂತ ಎರಡೆರಡು ಹೆಸರಿದೆ. ನಾಯಿ ಸಾಕುವವರಿಗೆ ಒಂದೂ ಇಲ್ಲ.

‘ಸಾಕುತಾಯಿ’ ಅನ್ನುವ ಪದ ಮನಸ್ಸಿಗೆ ತುಂಬಾ ಹತ್ತಿರ ಬರುತ್ತದೆ. ಹೆರದೆ ಸಾಕಿದವಳು. ಆದರೆ ಸಾಕುತಾಯಿ ಮಗುವನ್ನು ತನ್ನ ಹತ್ತಿರವೇ ಉಳಿಸಿಕೊಳ್ಳುತ್ತಾಳೆ. ಇವಳು ಮೊದಲ ದಿನದಿಂದಲೇ, ಕೊಟ್ಟುಬಿಡಬೇಕು ಅಂತ ಗೊತ್ತಿದ್ದೂ ಹಚ್ಚಿಕೊಳ್ಳುತ್ತಾಳೆ. ಕೊಟ್ಟ ಮೇಲೆ ಇನ್ನೊಂದು ಮರಿ ಬರಬಹುದು, ಆದರೆ ಆ ಮರಿ ಬರುವುದಿಲ್ಲ. ಇದನ್ನು ಹೇಳುವ ಪದ ಬೇಕು. ನಮ್ಮ ಪತ್ರಿಕೆಗಳಲ್ಲಿ ಕೈದಿಗಳ ಬಗ್ಗೆ ‘ಕಂಬಿ ಎಣಿಸುತ್ತಿದ್ದಾರೆ’ ಅಂತ ಸಲೀಸಾಗಿ ಬರೆಯುತ್ತೇವೆ. ಇವರ ವಿಷಯದಲ್ಲಿ ಆ ಮಾತು ನನ್ನ ಪೆನ್ನಿನಿಂದ ಬರಲೇ ಇಲ್ಲ.

ನಮ್ಮ ಅಜ್ಜಿಯ ಊರಲ್ಲಿ, ತುಮಕೂರಿನ ಕಡೆ, ‘ಪಾಲಿಗೆ ಸಾಕೋದು’ ಅಂತ ಒಂದು ಪದ್ಧತಿ ಇತ್ತು. ಕರು ಒಬ್ಬರದು, ಸಾಕುವವರು ಇನ್ನೊಬ್ಬರು. ಮುಂದೆ ಹುಟ್ಟಿದ್ದರಲ್ಲಿ ಇಬ್ಬರಿಗೂ ಪಾಲು. ಅಜ್ಜಿ ಹಾಗೆ ಸಾಕಿದ ಒಂದು ಕಡಸನ್ನು ಹೊಡೆದುಕೊಂಡು ಹೋದ ದಿನ, ಸಂಜೆ ಅಭ್ಯಾಸಬಲದಿಂದ ಬಾನಿಯೊಳಗೆ ಕಲಗಚ್ಚು ಸುರಿದು, ಹಾಗೇ ನಿಂತಿದ್ದರು. ಜೈಲಿನಲ್ಲಿ ಸಾಕುವವರಿಗೆ ಪಾಲು ಅಂತ ಏನೂ ಇಲ್ಲ, ಆದ್ದರಿಂದ ಆ ಪದವನ್ನು ಹಾಗೇ ತರಲಾಗದು. ಆದರೆ ಬೇರೆಯವರದನ್ನು ತನ್ನದರಂತೆ ಸಾಕುವುದಕ್ಕೆ ಹಳ್ಳಿಗಳಲ್ಲಿ ಖಂಡಿತ ಬೇರೆ ಬೇರೆ ಮಾತುಗಳಿವೆ.

ಅದಕ್ಕೇ ಕೇಳುತ್ತಿದ್ದೇನೆ. ನಿಮ್ಮ ಕಡೆ, ಧಾರವಾಡದಲ್ಲಿ, ಕಲಬುರಗಿಯಲ್ಲಿ, ಕುಂದಾಪುರದಲ್ಲಿ, ಮಲೆನಾಡಿನಲ್ಲಿ, ಇನ್ನೊಬ್ಬರ ಕರುವನ್ನೋ ಮರಿಯನ್ನೋ ಸಾಕಿ ಮರಳಿಸುವವರನ್ನು ಏನಂತ ಕರೆಯುತ್ತಿದ್ದರು? ಮನೆಯಲ್ಲಿ ಹಿರಿಯರಿದ್ದರೆ ದಯವಿಟ್ಟು ಒಮ್ಮೆ ಕೇಳಿ ನೋಡಿ. ಸದ್ಯಕ್ಕೆ ಲೇಖನದಲ್ಲಿ ‘ಮರಿ ಸಾಕಿದವರು’ ಅಂತ ಬರೆದು, ಪಕ್ಕದಲ್ಲಿ ಪೆನ್ಸಿಲ್‌ನಿಂದ ಒಂದು ಪ್ರಶ್ನೆ ಗುರುತು ಹಾಕಿದ್ದೇನೆ.