ಪ್ರಾಸ್ಟೇಟ್ ರೇಡಿಯೇಷನ್: ದಿನಾ ಸ್ಕ್ಯಾನ್ ಮಾಡುವುದು ಯಾಕೆ?

ಹಾಸನದವಳು:
ಅಪ್ಪನಿಗೆ 71 ವರ್ಷ, ಪ್ರಾಸ್ಟೇಟ್ ಕ್ಯಾನ್ಸರ್. ಬೆಂಗಳೂರಲ್ಲಿ ರೇಡಿಯೇಷನ್ ಶುರುವಾಗಿದೆ. 20 ಸಲಕ್ಕೆ ಒಟ್ಟು 60 ಗ್ರೇ (ರೇಡಿಯೇಷನ್ ಡೋಸಿನ ಅಳತೆ) ಎಂದು ಫೈಲಿನಲ್ಲಿದೆ. ಇದಕ್ಕೂ ಮುಂಚೆ ಕ್ಯಾನ್ಸರ್ ಎಲ್ಲೆಲ್ಲಿದೆ ಎಂದು ನೋಡುವ ಪಿಎಸ್‌ಎಂಎ ಪೆಟ್ ಸ್ಕ್ಯಾನ್ ಆಯಿತು, ಎಂಆರ್‌ಐ ಆಯಿತು, ರೇಡಿಯೇಷನ್ ಎಲ್ಲಿ ಬೀಳಬೇಕೆಂದು ಲೆಕ್ಕ ಹಾಕಲು ಪ್ಲ್ಯಾನಿಂಗ್ ಸಿಟಿ ಎಂಬ ಸ್ಕ್ಯಾನ್ ಇನ್ನೊಂದಾಯಿತು, ಸೊಂಟದ ಹತ್ತಿರ ಹಚ್ಚೆ ಚುಕ್ಕೆಗಳನ್ನೂ ಹಾಕಿದರು. ಇಷ್ಟೆಲ್ಲ ಆದ ಮೇಲೂ ದಿನಾ ಟೇಬಲ್ ಮೇಲೆ ಮಲಗಿಸಿದ ತಕ್ಷಣ ಮತ್ತೆ ಸ್ಕ್ಯಾನ್ ಮಾಡುತ್ತಾರೆ. ಗೆಡ್ಡೆ ಕರಗುತ್ತಿದೆಯಾ ಎಂದು ನೋಡುವುದಕ್ಕಾ? ದಿನಾ ಸ್ಕ್ಯಾನ್ ಮಾಡಿದರೆ ಬೇಡದ ರೇಡಿಯೇಷನ್ ಜಾಸ್ತಿ ಆಗುವುದಿಲ್ವಾ? ನಿನ್ನೆ ಸ್ಕ್ಯಾನ್ ನೋಡಿ, ಗ್ಯಾಸ್ ಇದೆ, ಎದ್ದು ಸ್ವಲ್ಪ ಓಡಾಡಿ ಬನ್ನಿ ಎಂದು ಕಳಿಸಿದರು. ಅಪ್ಪ ತುಂಬಾ ಬೇಜಾರಾದರು. ಅಮೆರಿಕದಲ್ಲಿರುವ ಚಿಕ್ಕಪ್ಪ ಎಂಆರ್‌ಐ ಜೊತೆಗೇ ಇರುವ ರೇಡಿಯೇಷನ್ ಮಷಿನ್‌ಗೇ ಹೋಗಿ ಅನ್ನುತ್ತಿದ್ದಾರೆ. ತಿಳಿದವರು ಹೇಳಿ.

ಫಿಸಿಸಿಸ್ಟ್_ಹುಬ್ಬಳ್ಳಿ:
ನಾನು ರೇಡಿಯೇಷನ್ ವಿಭಾಗದಲ್ಲಿ ಮೆಡಿಕಲ್ ಫಿಸಿಸಿಸ್ಟ್. ಗೆಡ್ಡೆ ಕರಗಿದೆಯಾ ಎಂದು ನೋಡುವುದಕ್ಕಲ್ಲ. ಅದನ್ನು ಆಮೇಲೆ ಪಿಎಸ್‌ಎ ರಕ್ತಪರೀಕ್ಷೆ ಹೇಳುತ್ತದೆ. ದಿನದ ಸ್ಕ್ಯಾನ್ ಇರುವುದು ಒಂದೇ ಪ್ರಶ್ನೆಗೆ: ಪ್ರಾಸ್ಟೇಟ್ ಈವತ್ತು ಎಲ್ಲಿದೆ?

ಪ್ರಾಸ್ಟೇಟ್ ಕೂತಿರುವುದು ಮೂತ್ರಕೋಶದ ಕೆಳಗೆ, ಮಲನಾಳದ ಮುಂದೆ. ಇವೆರಡೂ ದಿನಕ್ಕೊಂದು ಗಾತ್ರದಲ್ಲಿರುತ್ತವೆ. ಮಲನಾಳದಲ್ಲಿ ಗ್ಯಾಸ್ ತುಂಬಿದರೆ ಅದು ಪ್ರಾಸ್ಟೇಟನ್ನು ಮುಂದಕ್ಕೆ ತಳ್ಳುತ್ತದೆ, ಕೆಲವೊಮ್ಮೆ ಒಂದು ಸೆಂಟಿಮೀಟರಿನವರೆಗೂ. ಹಚ್ಚೆ ಚುಕ್ಕೆ ಇರುವುದು ಚರ್ಮದ ಮೇಲೆ. ದೇಹವನ್ನು ನೇರವಾಗಿ ಮಲಗಿಸುವುದಕ್ಕೆ ಅದು ಸಾಕು, ಒಳಗೆ ಏನು ಸರಿದಿದೆ ಎನ್ನುವುದು ಅದಕ್ಕೆ ಗೊತ್ತಾಗುವುದಿಲ್ಲ. ನಾವು ಪ್ರಾಸ್ಟೇಟಿನ ಸುತ್ತ ಬಿಡುವ ಮಾರ್ಜಿನ್ (ಬೀಮ್ ಬೀಳುವ ಹೆಚ್ಚುವರಿ ಅಂಚು) ಸಾಮಾನ್ಯವಾಗಿ 5ರಿಂದ 7 ಮಿಲಿಮೀಟರ್, ಮಲನಾಳದ ಕಡೆ ಇನ್ನೂ ಕಡಿಮೆ. ಒಂದು ಸೆಂಟಿಮೀಟರ್ ಸರಿದಿರುವಾಗ ನೋಡದೆ ಬೀಮ್ ಬಿಟ್ಟರೆ ಕ್ಯಾನ್ಸರಿಗೆ ಡೋಸ್ ಕಮ್ಮಿ, ಮಲನಾಳಕ್ಕೆ ಜಾಸ್ತಿ. ಆಮೇಲೆ ರಕ್ತ ಬೀಳುವುದು, ಉರಿ, ಎಲ್ಲ ಅಲ್ಲಿಂದಲೇ ಶುರು.

ದಿನಾ ಮಾಡುವುದನ್ನು ಕೋನ್ ಬೀಮ್ ಸಿಟಿ ಅನ್ನುತ್ತೇವೆ. ಮಷಿನ್ ಒಂದು ಸುತ್ತು ಬರಲು ಸುಮಾರು ಒಂದು ನಿಮಿಷ. ಆ ಚಿತ್ರವನ್ನು ಪ್ಲ್ಯಾನಿಂಗ್ ಸಿಟಿಯ ಮೇಲೆ ಇಟ್ಟು ಹೋಲಿಸಿ, ಎಷ್ಟು ಮಿಲಿಮೀಟರ್ ವ್ಯತ್ಯಾಸ ಇದೆಯೋ ಅಷ್ಟು ಟೇಬಲನ್ನು ಸರಿಸುತ್ತಾರೆ. ಗ್ಯಾಸಿನಿಂದ ಪ್ರಾಸ್ಟೇಟಿನ ಆಕಾರವೇ ಓರೆಯಾಗಿದ್ದರೆ ಟೇಬಲ್ ಸರಿಸಿ ಪ್ರಯೋಜನವಿಲ್ಲ, ಅದಕ್ಕೇ ಎದ್ದು ಓಡಾಡಿ ಬನ್ನಿ ಅನ್ನುವುದು. ನಿಮ್ಮ ಅಪ್ಪನನ್ನು ಹಾಗೆ ಕಳಿಸಿದ್ದು ಒಳ್ಳೆಯದೇ ಆಯಿತು. ಅವಸರದಲ್ಲಿ ಮುಗಿಸಿಬಿಡಲಿಲ್ಲ ಎಂದು ಅರ್ಥ.

ಡೋಸಿನ ಲೆಕ್ಕ. ಅಪ್ಪನಿಗೆ ದಿನಕ್ಕೆ 3 ಗ್ರೇ, ಅಂದರೆ 300 ಸೆಂಟಿಗ್ರೇ. ಸೊಂಟದ ಭಾಗದ ಒಂದು ಕೋನ್ ಬೀಮ್ ಸಿಟಿಗೆ ಸುಮಾರು 1ರಿಂದ 3 ಸೆಂಟಿಗ್ರೇ. 20 ದಿನ ಕೂಡಿಸಿದರೂ ಹೆಚ್ಚೆಂದರೆ 0.6 ಗ್ರೇ ಆಸುಪಾಸು. ಇದು ಸೊಂಟದ ಉದ್ದಗಲಕ್ಕೂ ಬೀಳುತ್ತದೆ ನಿಜ, ಸೊನ್ನೆ ಅಲ್ಲ. ಆದರೆ ಇದನ್ನು ಉಳಿಸಲು ಹೋಗಿ 3 ಗ್ರೇ ಗುರಿ ತಪ್ಪಿದರೆ ಆಗುವ ನಷ್ಟ ಬಹಳ ದೊಡ್ಡದು. ಹೆಚ್ಚಾಗಿ ಬ್ರಿಟನ್ನಿನಲ್ಲಿ 3000ಕ್ಕೂ ಜಾಸ್ತಿ ಜನರ ಮೇಲೆ ನಡೆದ ಚಿಪ್ (CHHiP) ಎಂಬ ಟ್ರಯಲ್‌ನ ಫಲಿತಾಂಶ 2016ರಲ್ಲಿ ಬಂತು. 37 ಸಲ ಕೊಡುತ್ತಿದ್ದ 74 ಗ್ರೇಗಿಂತ 20 ಸಲದ 60 ಗ್ರೇ ಏನೂ ಕಡಿಮೆಯಿಲ್ಲ ಎಂದು ಅದು ತೋರಿಸಿತು. ಸಲ ಕಡಿಮೆಯಾದಷ್ಟೂ ಒಂದೊಂದು ಸಲದ ಡೋಸ್ ದೊಡ್ಡದು, ಹಾಗಾಗಿ ಒಂದೊಂದು ಸಲವೂ ಸರಿಯಾಗಿ ಬೀಳಬೇಕು.

ಮಾವನ_ಜೊತೆ_ಹೋದವನು:
ಮೇಲಿನವರು ಹೇಳಿದ್ದು ಮಷಿನ್ ಕಡೆಯ ಮಾತು. ಮನೆ ಕಡೆಯದು ನಾನು ಹೇಳುತ್ತೇನೆ, ಯಾಕೆಂದರೆ ಅರ್ಧ ಕೆಲಸ ಅಲ್ಲೇ ಇದೆ. ನಮ್ಮ ಮಾವನಿಗೂ ಇದೇ ಟ್ರೀಟ್‌ಮೆಂಟ್. ಮಲಬದ್ಧತೆ ಆಗದ ಹಾಗೆ ನೋಡಿಕೊಳ್ಳಿ. ದಿನಾ ಒಂದೇ ಹೊತ್ತಿಗೆ ಊಟ. ಅವರೆಕಾಳು, ಕಡಲೆ, ಎಲೆಕೋಸು, ಸೋಡಾ ಆ ದಿನಗಳಲ್ಲಿ ಬೇಡ. ಅವರೆಕಾಯಿ ಸೀಸನ್‌ನಲ್ಲಿ ಇದು ಕಷ್ಟ, ಆದರೂ ಮಾಡಿ. ಮೂತ್ರಕೋಶ ತುಂಬಲು ನೀರು ಎಷ್ಟು ಕುಡಿದು ಎಷ್ಟು ಹೊತ್ತು ಕಾಯಬೇಕು ಎನ್ನುವುದು ಒಂದೊಂದು ಆಸ್ಪತ್ರೆಯಲ್ಲಿ ಒಂದೊಂದು ಥರ, ನಿಮಗೆ ಹೇಳಿದ್ದನ್ನೇ ಪಾಲಿಸಿ. ಮಾವ ಮೊದಮೊದಲು ಬೇಗ ಮುಗಿಯಲಿ ಎಂದು ಜಾಸ್ತಿ ಕುಡಿದುಬಿಡುತ್ತಿದ್ದರು, ಸರದಿ ತಡವಾದರೆ ತಡೆಯಲಾಗದೆ ಒದ್ದಾಡುತ್ತಿದ್ದರು. ಆಮೇಲೆ ಕೌಂಟರಿನಲ್ಲಿ ಮಷಿನ್ ಎಷ್ಟು ತಡ ಓಡುತ್ತಿದೆ ಎಂದು ಕೇಳಿಕೊಂಡೇ ನೀರು ಕುಡಿಸಲು ಶುರುಮಾಡಿದೆವು. ಎಷ್ಟೋ ಸಲೀಸಾಯಿತು.

ಹಾಸನದವಳು:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಅಪ್ಪನಿಗೆ ಫೋನ್‌ನಲ್ಲಿ ಓದಿ ಹೇಳಿದೆ, ಸ್ವಲ್ಪ ಸಮಾಧಾನ ಆದರು. ಎರಡು ವಿಷಯ ಉಳಿದಿದೆ. ಎಂಆರ್‌ಐ ಮಷಿನ್‌ಗೆ ಬದಲಾಯಿಸಬೇಕಾ? ಆಮೇಲೆ ಮೂತ್ರಕೋಶ ತುಂಬಿಸಿಕೊಳ್ಳಲೇಬೇಕಾ? ಅವರಿಗೆ ಬಿಪಿ ಇದೆ, ಬೆಳಿಗ್ಗೆ ತೆಗೆದುಕೊಳ್ಳುವ ಮಾತ್ರೆಯಿಂದ ಮೂತ್ರ ಜಾಸ್ತಿ.

ಫಿಸಿಸಿಸ್ಟ್_ಹುಬ್ಬಳ್ಳಿ:
ಎಂಆರ್‌ಐ ಜೊತೆಗಿರುವ ಮಷಿನ್ ಒಳ್ಳೆಯದೇ. ಸಿಟಿಯಲ್ಲಿ ಪ್ರಾಸ್ಟೇಟಿನ ಅಂಚು ಮಸುಕು, ಎಂಆರ್‌ಐನಲ್ಲಿ ಸ್ಪಷ್ಟ. ಲಾಸ್ ಏಂಜಲೀಸ್‌ನಲ್ಲಿ ನಡೆದು 2023ರಲ್ಲಿ ಪ್ರಕಟವಾದ ಮಿರಾಜ್ ಟ್ರಯಲ್‌ನಲ್ಲಿ ಸಿಟಿ ಗುಂಪಿಗೆ 4 ಮಿಲಿಮೀಟರ್ ಮಾರ್ಜಿನ್, ಎಂಆರ್‌ಐ ಗುಂಪಿಗೆ 2. ಮೊದಲ ಮೂರು ತಿಂಗಳಲ್ಲಿ ಮದ್ದು ಬೇಕಾಗುವಷ್ಟು ಮೂತ್ರದ ತೊಂದರೆ ಸಿಟಿ ಗುಂಪಿನ 43 ಶೇಕಡಾ ಜನರಿಗೆ, ಎಂಆರ್‌ಐ ಗುಂಪಿನ 24 ಶೇಕಡಾ ಜನರಿಗೆ. ಆದರೆ ಅದು ಐದೇ ಸಲದಲ್ಲಿ 40 ಗ್ರೇ ಕೊಡುವ ಚಿಕಿತ್ಸೆ, ಅಪ್ಪನದು ಅದಲ್ಲ. ಶುರುವಾಗಿರುವುದನ್ನು ಮಧ್ಯದಲ್ಲಿ ನಿಲ್ಲಿಸಿ ಬೇರೆ ಕಡೆ ಓಡುವುದು ಬೇಡ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಅಲ್ಲಿ ಮತ್ತೆ ಪ್ಲ್ಯಾನ್ ಆಗುವವರೆಗೆ ದಿನಗಳು ಸುಮ್ನೆ ಕಳೆದುಹೋಗುತ್ತವೆ. ಅವರ ಎಂಆರ್‌ಐಯನ್ನು ಪ್ಲ್ಯಾನಿಂಗ್ ಸಿಟಿಗೆ ಜೋಡಿಸಿ ಪ್ರಾಸ್ಟೇಟಿನ ಅಂಚಿನ ಗೆರೆ ಎಳೆದಿದ್ದೀರಾ ಎಂದು ಡಾಕ್ಟರನ್ನು ಕೇಳಿ. ನಿಮಗೆ ಬೇಕಾದ ಲಾಭದ ಒಂದು ಪಾಲು ಅದರಲ್ಲೇ ಸಿಗುತ್ತದೆ.

ಮೂತ್ರಕೋಶ ತುಂಬಿದ್ದರೆ ಕರುಳು ಮೇಲಕ್ಕೆ ಸರಿಯುತ್ತದೆ, ಮೂತ್ರಕೋಶದ ಬಹುಪಾಲು ಗೋಡೆಯೂ ಬೀಮಿನಿಂದ ದೂರ ಉಳಿಯುತ್ತದೆ. ಅದಕ್ಕಾಗಿ ತುಂಬಿಸಿಕೊಳ್ಳಿ ಅನ್ನುವುದು. ಹಾಗೆಂದು ಹಿಂಸೆ ಪಡುವಷ್ಟು ತುಂಬಬೇಕಿಲ್ಲ, ಪ್ಲ್ಯಾನಿಂಗ್ ದಿನ ಇದ್ದಷ್ಟರ ಹತ್ತಿರ ಇದ್ದರೆ ಸಾಕು. ಮಾತ್ರೆಯ ಹೊತ್ತು ಬದಲಾಯಿಸಬಹುದಾ ಎಂದು ಡಾಕ್ಟರನ್ನು ಕೇಳಿ, ನೀವಾಗಿಯೇ ನಿಲ್ಲಿಸಬೇಡಿ. ದಿನಾ ತಡೆಯಲು ಆಗುತ್ತಲೇ ಇಲ್ಲ ಎಂದಾದರೆ ಅದನ್ನೂ ಹೇಳಿ, ಕಡಿಮೆ ತುಂಬಿದ ಮೂತ್ರಕೋಶಕ್ಕೇ ಮತ್ತೆ ಸಿಟಿ ತೆಗೆದು ಹೊಸ ಪ್ಲ್ಯಾನ್ ಮಾಡುವ ದಾರಿ ಇದೆ. ಸಂಕೋಚದಿಂದ ಸುಮ್ಮನಿದ್ದು, ಸ್ಕ್ಯಾನ್ ಆದ ಮೇಲೆ ಬೀಮ್ ನಡೆಯುವಾಗ ಅಲುಗಾಡಿದರೆ ಅಷ್ಟು ಹೊತ್ತು ಹೊಂದಿಸಿದ್ದೆಲ್ಲ ಹಾಳು. ಮಲಗುವ ಮುಂಚೆಯೇ ಟೆಕ್ನಾಲಜಿಸ್ಟ್‌ಗೆ ಹೇಳಲು ಅಪ್ಪನಿಗೆ ತಿಳಿಸಿ.