ಎಲ್ಲ ಸೌಕರ್ಯವಿದ್ದರೂ ನಮ್ಮ ಬಡಾವಣೆ ಯಾರಿಗೂ ‘ನಮ್ಮೂರು’ ಆಗಿಲ್ಲ, ಏಕೆ?

ಹಳೇ ಹುಬ್ಬಳ್ಳಿಯವ:

ಹುಬ್ಬಳ್ಳಿಯ ಗೋಕುಲ ರಸ್ತೆಯ ಕಡೆಗಿರುವ ಒಂದು ಬಡಾವಣೆಯ ನಿವಾಸಿಗಳ ಸಂಘದಲ್ಲಿ ಆರು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಡಾಂಬರು ರಸ್ತೆ, ಬೀದಿದೀಪ, ಉದ್ಯಾನ, ಕಸದ ಗಾಡಿ ಎಲ್ಲವೂ ಬಂದಿವೆ. ಒಳಚರಂಡಿಯ ತಕರಾರು ಕಳೆದ ವರ್ಷ ಬಗೆಹರಿಯಿತು. ಆದರೂ ಇಲ್ಲಿ ಮನೆ ಕಟ್ಟಿಸಿ ಹತ್ತು ವರ್ಷ ಕಳೆದವರನ್ನು ‘ನಿಮ್ಮೂರು ಯಾವುದು’ ಎಂದು ಕೇಳಿದರೆ ರೋಣ, ನರಗುಂದ, ಸವಣೂರು ಎಂದೇ ಹೇಳುತ್ತಾರೆ, ಮತ್ತು ದೀಪಾವಳಿ ಬಂತೆಂದರೆ ಅರ್ಧ ಮನೆಗಳಿಗೆ ಬೀಗ ಬೀಳುತ್ತದೆ. ನಾನು ಬೆಳೆದ ಹಳೇ ಹುಬ್ಬಳ್ಳಿಯ ಓಣಿಯಲ್ಲಾದರೋ ಗಟಾರ ತೆರೆದೇ ಇತ್ತು, ನಳಕ್ಕೆ ನೀರು ಬರಲು ವಾರ ಕಾಯಬೇಕಿತ್ತು. ಅಲ್ಲಿಂದ ಹೊರಬಿದ್ದವರು ಮಾತ್ರ ಇಂದಿಗೂ ರಂಗಪಂಚಮಿಯ ಹೊತ್ತಿಗೆ ಪುಣೆ, ಬೆಂಗಳೂರುಗಳಿಂದ ರಜೆ ಹಾಕಿ ಬರುತ್ತಾರೆ. ಜಗ್ಗಲಿಗೆ ವಾದ್ಯದ ಸದ್ದು ಕೇಳದಿದ್ದರೆ ಅವರಿಗೆ ವರ್ಷ ಮುಗಿದಂತೆ ಅನಿಸುವುದಿಲ್ಲ.

ಈ ವಿಷಯವನ್ನೇ ಹುಡುಕುತ್ತಿದ್ದಾಗ ಅಮೆರಿಕದ ಒಂದು ಅಧ್ಯಯನ ಕಣ್ಣಿಗೆ ಬಿತ್ತು. ನೈಟ್ ಪ್ರತಿಷ್ಠಾನವು ಗ್ಯಾಲಪ್ ಸಂಸ್ಥೆಯೊಂದಿಗೆ ಸೇರಿ 2008ರಿಂದ 2010ರವರೆಗೆ 26 ಊರುಗಳಲ್ಲಿ ಸುಮಾರು 43,000 ಜನರನ್ನು ಮಾತನಾಡಿಸಿತ್ತು. ಊರಿನ ಮೇಲಿನ ಮಮತೆಯೊಂದಿಗೆ ಅತಿ ಹೆಚ್ಚು ತಳಕು ಹಾಕಿಕೊಂಡಿದ್ದವು ಮೂರು ಅಂಶಗಳು: ಜನ ಕೂಡುವುದಕ್ಕೆ ಇರುವ ಜಾಗ ಮತ್ತು ಸಂದರ್ಭಗಳು, ಬೇರೆಯವರನ್ನು ಒಳಗೆ ಬಿಟ್ಟುಕೊಳ್ಳುವ ಗುಣ, ಊರಿನ ಚೆಲುವು. ಉದ್ಯೋಗ ಮತ್ತು ಮೂಲಸೌಕರ್ಯಗಳು ಇವುಗಳ ನಂತರ ಬಂದವು. ಹಾಗಾದರೆ ನಮ್ಮ ಸಂಘ ಆರು ವರ್ಷ ಮಾಡಿದ್ದೆಲ್ಲ ಬೇರೆ ಯಾವುದೋ ಕೆಲಸವೇ? ತಿಳಿದವರು ಹೇಳಬೇಕು.

ಮಾಳಮಡ್ಡಿ:

ಸರ್, ಆ ಅಧ್ಯಯನವನ್ನು ಇಲ್ಲಿಗೆ ಹಾಗೆಯೇ ತಂದು ಕೂರಿಸಬೇಡಿ. ಅದು ನಡೆದ ಊರುಗಳಲ್ಲಿ ನಳದ ನೀರು ದಿನವೂ ಬರುತ್ತದೆ. ಎಲ್ಲರಿಗೂ ಸಿಕ್ಕಿರುವ ವಸ್ತುವಿನಿಂದ ಒಬ್ಬನ ಮಮತೆಗೂ ಇನ್ನೊಬ್ಬನ ಮಮತೆಗೂ ಇರುವ ಅಂತರವನ್ನು ಅಳೆಯಲಾಗದು. ಆದ್ದರಿಂದ ಸೌಕರ್ಯಕ್ಕೆ ಬೆಲೆ ಇಲ್ಲವೆಂದು ಅದರಿಂದ ತೀರ್ಮಾನಿಸುವುದು ತಪ್ಪು. ನಿಮ್ಮ ಒಳಚರಂಡಿಯ ಕೆಲಸ ವ್ಯರ್ಥವಾಗಿಲ್ಲ.

ನೀರಿನ ಮಾತು ಬಂದದ್ದರಿಂದ ಒಂದು ವಿಷಯ ಹೇಳುತ್ತೇನೆ. ವಾರಕ್ಕೊಮ್ಮೆ ನೀರು ಬಿಡುತ್ತಿದ್ದ ಕಾಲದಲ್ಲಿ ನಡುರಾತ್ರಿ ನಳ ಬುಸುಗುಟ್ಟಿದರೆ ಎದುರುಮನೆಯ ಅಜ್ಜಿ ನಮ್ಮ ಚಿಲಕ ಬಡಿದು ಎಬ್ಬಿಸುತ್ತಿದ್ದರು, ನಾವು ಮುಂದಿನ ಮನೆಯವರನ್ನು ಎಬ್ಬಿಸುತ್ತಿದ್ದೆವು. ಊರಿಗೆ ಹೋದವರ ಕೊಡಗಳನ್ನು ಯಾರಾದರೊಬ್ಬರು ತುಂಬಿಸಿಡುತ್ತಿದ್ದರು. 2008ರ ಸುಮಾರಿಗೆ ಅವಳಿ ನಗರದ ಕೆಲವು ವಾರ್ಡುಗಳಿಗೆ ದಿನದ 24 ತಾಸೂ ನೀರು ಕೊಡುವ ಯೋಜನೆ ಬಂದಾಗ ಅಂಥ ಕಡೆ ಮನೆ ಬದಲಿಸಿದೆವು. ಹೆಂಗಸರ ಬೆನ್ನುನೋವು ತಪ್ಪಿತು, ಅದು ಸಣ್ಣ ಮಾತಲ್ಲ. ಆದರೆ ಹೊಸ ಓಣಿಯಲ್ಲಿ ಯಾರೂ ಯಾರ ಚಿಲಕವನ್ನೂ ಬಡಿಯಬೇಕಾಗಿರಲಿಲ್ಲ, ಎದುರುಮನೆಯವರ ಹೆಸರು ತಿಳಿಯಲು ನಮಗೆ ಎರಡು ವರ್ಷ ಹಿಡಿಯಿತು. ಹಳೆಯ ತೊಂದರೆಯೇ ಚೆನ್ನಾಗಿತ್ತು ಎನ್ನುವ ಮೂರ್ಖತನ ನನಗಿಲ್ಲ.

ಚೆಲುವಿನ ಅಂಶವನ್ನು ಮಾತ್ರ ಒಪ್ಪುತ್ತೇನೆ. ಧಾರವಾಡದವರು ಊರು ಬಿಟ್ಟ ಮೇಲೆ ನೆನೆಯುವುದು ಸಾಧನಕೇರಿಯನ್ನು, ಜಿಟಿಜಿಟಿ ಮಳೆಯನ್ನು, ಕರ್ನಾಟಕ ಕಾಲೇಜಿನ ದಾರಿಯ ಮರಗಳನ್ನು. ಹುಬ್ಬಳ್ಳಿಗೆ ಹೋಗುವ ರಸ್ತೆ ಅಗಲವಾದಾಗ ಮರಗಳು ಉರುಳಿದವು. ಚಿಗರಿ ಬಸ್ಸಿನಲ್ಲಿ ಆರಾಮವಾಗಿ ಕೂತು ಹೋಗುವಾಗಲೂ ಕಣ್ಣು ಆ ನೆರಳನ್ನು ಹುಡುಕುತ್ತದೆ.

ಏಲಕ್ಕಿ ಮಾಲೆ:

ನಾನು ಹಾವೇರಿಯವನು. ಹುಬ್ಬಳ್ಳಿಯಲ್ಲಿ ಒಂಬತ್ತು ವರ್ಷದಿಂದ ಬಾಡಿಗೆ ಮನೆಯಲ್ಲಿದ್ದೇನೆ, ಆದ್ದರಿಂದ ‘ಒಳಗೆ ಬಿಟ್ಟುಕೊಳ್ಳುವ ಗುಣ’ ಎಂಬುದರ ಬಗ್ಗೆ ನನಗೆ ಸ್ವಲ್ಪ ಗೊತ್ತು. ಮನೆ ಹುಡುಕುವಾಗ ಬಾಡಿಗೆ ಎಷ್ಟೆಂದು ಹೇಳುವ ಮೊದಲೇ ‘ನೀವು ಯಾವ ಮಂದಿ’ ಎಂದು ಕೇಳಿದವರು ಎಷ್ಟೋ ಜನ. ಅದನ್ನು ದಾಟಿ ಮನೆ ಸಿಕ್ಕಿತು. ಮೊದಲ ಮೂರು ವರ್ಷ ಗಣೇಶ ಚವತಿಗೆ ಪಟ್ಟಿ (ಚಂದಾ) ಕೇಳಲು ಬಂದ ಹುಡುಗರು ನಮ್ಮ ಬಾಗಿಲಿಗೆ ಬಂದು ‘ಮಾಲೀಕರು ಎಲ್ಲಿರುತ್ತಾರೆ’ ಎಂದು ವಿಚಾರಿಸಿ ಹೋಗುತ್ತಿದ್ದರು. ಪಾವತಿ ಚೀಟಿಯನ್ನು ಮಾಲೀಕರ ಹೆಸರಿಗೇ ಹರಿಯುತ್ತಿದ್ದರು. ದುಡ್ಡು ಉಳಿಯಿತೆಂದು ಸಂತೋಷವಾಗಬೇಕಿತ್ತು, ಆಗಲಿಲ್ಲ.

ನಾಲ್ಕನೆಯ ವರ್ಷ ಒಬ್ಬ ಹುಡುಗ, ಪ್ರಾಯಶಃ ಹೊಸಬ, ನನ್ನನ್ನೇ ಹೆಸರು ಕೇಳಿ ಐನೂರ ಒಂದು ರೂಪಾಯಿಗೆ ಪಾವತಿ ಬರೆದ. ಹೆಸರಿನಲ್ಲಿ ಒತ್ತಕ್ಷರ ತಪ್ಪಿತ್ತು. ಆ ಗುಲಾಬಿ ಬಣ್ಣದ ಚೀಟಿ ಈಗಲೂ ದೇವರ ಫೋಟೋದ ಹಿಂದಿದೆ. ಪಟ್ಟಿ ಕೊಟ್ಟವನಾದ್ದರಿಂದ ಮಂಟಪದ ಲೆಕ್ಕ ಕೇಳಿದೆ, ಲೆಕ್ಕ ಕೇಳಿದವನೆಂದು ಮರುವರ್ಷ ಲೆಕ್ಕ ಬರೆಯುವ ಕೆಲಸ ನನ್ನ ಕೊರಳಿಗೆ ಬಿತ್ತು. ಅದೇ ವರ್ಷ ವಿಜಯದಶಮಿಯ ಸಂಜೆ ಬನ್ನಿ ಕೊಡಲು ಹದಿನೇಳು ಮನೆಗೆ ಹೋದೆ. ಅದಕ್ಕೂ ಹಿಂದೆ ಬನ್ನಿ ಕೊಡಬೇಕೆಂದರೆ ಬಸ್ಸು ಹತ್ತಿ ಹಾವೇರಿಗೇ ಹೋಗುತ್ತಿದ್ದೆ. ನನ್ನ ಅನುಭವದ ಮಟ್ಟಿಗೆ ಹೇಳುವುದಾದರೆ, ಊರು ನನಗೆ ಏನು ಕೊಟ್ಟಿತು ಎಂಬುದಕ್ಕಿಂತ ಊರು ನನ್ನನ್ನು ಏನು ಕೇಳಿತು ಎಂಬುದರಿಂದ ನಂಟು ಬೆಳೆಯಿತು.

ಬೆಟಗೇರಿ ಮಗ್ಗ:

ಮೇಲಿನ ಅಣ್ಣಾವರ ಮಾತಿಗೆ ನಮ್ಮ ಗದಗ ಜಿಲ್ಲೆಯ ಡಂಬಳದಲ್ಲಿ ಸಾಕ್ಷಿ ಸಿಗುತ್ತದೆ. ಅಲ್ಲಿನ ತೋಂಟದಾರ್ಯ ಮಠದ ರೊಟ್ಟಿ ಜಾತ್ರೆಗೆ ಜಾತಿ ಭೇದವಿಲ್ಲದೆ ಮನೆ ಮನೆಯಿಂದ ರೊಟ್ಟಿ ಬರುತ್ತದೆ. ಮಠದಲ್ಲೇ ಅಡುಗೆಯವರನ್ನು ಇಟ್ಟು ಮಾಡಿಸಿದ್ದರೆ ಹೊಟ್ಟೆ ಅಷ್ಟೇ ತುಂಬುತ್ತಿತ್ತು. ಆದರೆ ಖಡಕ್ ರೊಟ್ಟಿ ಒಟ್ಟಿದ ರಾಶಿಯಲ್ಲಿ ತಾನು ಬಡಿದದ್ದು ಯಾವುದೆಂದು ಯಾವ ಹೆಣ್ಣುಮಗಳೂ ಗುರುತಿಸಲಾರಳು. ಕರಿಂಡಿ ಹಚ್ಚಿಕೊಂಡು ಊಟಕ್ಕೆ ಕೂತವನಿಗೂ ಯಾರ ಮನೆಯ ರೊಟ್ಟಿ ತಾನು ತಿನ್ನುತ್ತಿರುವೆನೆಂದು ತಿಳಿಯುವುದಿಲ್ಲ.

ಹೆಣ್ಣುಮಕ್ಕಳ ಕಡೆಯಿಂದ ಇನ್ನೊಂದು ಮಾತು. ಮದುವೆಯಾಗಿ ಬಂದ ನಮಗೆ ಯಾರೂ ‘ಈ ಊರು ನಿನಗೆ ಇಷ್ಟವೇ’ ಎಂದು ಕೇಳಿ ಕರೆತರುವುದಿಲ್ಲ. ನಾನು ಬೆಟಗೇರಿಗೆ ಬಂದ ಮೊದಲ ನಾಗಪಂಚಮಿಯಲ್ಲಿ ಪಕ್ಕದ ಮನೆಯ ನೇಕಾರರ ಅಕ್ಕಾರು ಸ್ಟೀಲ್ ತಾಟಿನಲ್ಲಿ ಶೇಂಗಾ ಉಂಡಿ, ಎಳ್ಳುಂಡಿ ಕೊಟ್ಟು ಕಳುಹಿಸಿದರು. ಖಾಲಿ ತಾಟು ಮರಳಿಸಬಾರದೆಂದು ಅತ್ತೆ ಅದರಲ್ಲಿ ಅಳ್ಳು ಹಾಕಿ ನನ್ನ ಕೈಯಲ್ಲೇ ಕಳುಹಿಸಿದರು. ಇಪ್ಪತ್ತು ವರ್ಷವಾಯಿತು, ಆ ತಾಟಿನ ಓಡಾಟ ನಿಂತಿಲ್ಲ. ಈಗ ಅದು ಯಾರ ಮನೆಯದೆಂದು ಇಬ್ಬರಿಗೂ ನೆನಪಿಲ್ಲ. ನಿಮ್ಮ ಬಡಾವಣೆಯವರೆಲ್ಲ ಹಬ್ಬಕ್ಕೆ ಬೀಗ ಹಾಕಿ ಹೋಗುತ್ತಾರೆ ಎಂದಿರಿ. ಹೋಗಲಿ ಬಿಡಿ, ತವರನ್ನು ಯಾರು ಬಿಡುತ್ತಾರೆ? ಹಬ್ಬ ಮುಗಿಸಿ ಮರಳಿದ ಮೇಲೆ ಬರುವ ರವಿವಾರ ಎಲ್ಲರನ್ನೂ ಸೇರಿಸಿ ನೋಡಿ.

ಹಳೇ ಹುಬ್ಬಳ್ಳಿಯವ:

ಎಲ್ಲರ ಉತ್ತರಗಳನ್ನು ಓದಿದ ಮೇಲೆ ನಮ್ಮ ಸಂಘದ ಪಾವತಿ ಪುಸ್ತಕಗಳನ್ನು ತೆಗೆದು ನೋಡಿದೆ. ಬಡಾವಣೆಯಲ್ಲಿ 112 ಮನೆಗಳಿವೆ, ಅವುಗಳಲ್ಲಿ 41 ಬಾಡಿಗೆಯವು. ಆರು ವರ್ಷದ ಪುಸ್ತಕಗಳಲ್ಲಿ ಒಬ್ಬ ಬಾಡಿಗೆದಾರರ ಹೆಸರೂ ಇಲ್ಲ, ಬರೆದದ್ದೆಲ್ಲ ನನ್ನದೇ ಅಕ್ಷರ.

ಈ ಸಲದ ಚವತಿಗೆ ಅವರವರ ಹೆಸರಿಗೇ ಪಾವತಿ ಹರಿಯೋಣವೆಂದು ನಿನ್ನೆಯ ಸಭೆಯಲ್ಲಿ ಹೇಳಿದೆ. ಖಜಾಂಚಿಯವರು ಒಪ್ಪಲಿಲ್ಲ; ‘ಹೆಸರು ಬರೆದರೆ ನಾಳೆ ಸಭೆಗೂ ಬಂದು ಕೂರುತ್ತಾರೆ, ಲೆಕ್ಕ ಕೇಳುತ್ತಾರೆ’ ಎಂಬುದು ಅವರ ಚಿಂತೆ. ನಮ್ಮ ನಿಯಮಾವಳಿಯ ಪ್ರಕಾರ ನಿವೇಶನದ ಮಾಲೀಕರಷ್ಟೇ ಸದಸ್ಯರು, ಹೀಗಾಗಿ ಅವರದು ಬರೀ ಹಟವೂ ಅಲ್ಲ. ನಿಮ್ಮಲ್ಲಿ ಯಾರದಾದರೂ ಸಂಘದಲ್ಲಿ ಬಾಡಿಗೆದಾರರಿಗೆ ಸದಸ್ಯತ್ವ ಕೊಟ್ಟಿದ್ದರೆ, ಆ ಕಲಮನ್ನು ಏನೆಂದು ಬರೆದುಕೊಂಡಿದ್ದೀರಿ ಎಂಬುದನ್ನು ದಯವಿಟ್ಟು ತಿಳಿಸಿ. ಮುಂದಿನ ಸಭೆ ಇದೇ ತಿಂಗಳ ಕೊನೆಯ ರವಿವಾರ ಇದೆ.